ಬಿಲ್ ಸೊನ್ನೆ, ಗೀಸರ್ ಮಾತ್ರ ಆನ್!

'ಕರೆಂಟ್ ಬಿಲ್ ಸೊನ್ನೆ ಕಣ್ರೀ, ಗೀಸರ್ ಇದ್ರೆ ಇರ್ಲಿ ಬಿಡಿ!' ಎನ್.ಆರ್. ಕಾಲೋನಿಯಲ್ಲಿ ತರಕಾರಿ ಕೊಳ್ಳುವಾಗ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂತು, ಸಂತೋಷ. ಆದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂದುಕೊಳ್ಳಬೇಡಿ. ಹೆಚ್ಚಿನ ಮನೆಗಳಿಗೆ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10, ಇಷ್ಟೇ ಪಾಲು. ಮೀರಿದರೆ ಮೀರಿದಷ್ಟಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆಗೆ!

ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಹೋಯಿತು. ಯಜಮಾನರು ಆರಕ್ಕೆ, ಮಗಳು ಎಂಟಕ್ಕೆ ಸ್ನಾನಕ್ಕೆ ಹೋದರೆ ಆರಿದ ನೀರು ಮತ್ತೆ ಕಾಯಬೇಕು. ಒಬ್ಬರ ಹಿಂದೆ ಒಬ್ಬರನ್ನು ಕಳಿಸಿ, ಸ್ವಿಚ್ ಆರಿಸಿ. (ಗೊಣಗುತ್ತಾರೆ, ಗೊಣಗಲಿ ಬಿಡಿ.)

ತಣ್ಣೀರಿಗೂ ಕರೆಂಟ್ ಖರ್ಚಾಗುತ್ತದೆ, ಗೊತ್ತೇ? ನಲ್ಲಿಯಲ್ಲಿ ಬರುವ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿಸಿ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತರುತ್ತಾರೆ. ಅದನ್ನು ನಾವು ಸಂಪಿನಿಂದ ಮತ್ತೆ ಮಹಡಿಗೆ ಏರಿಸಿ, ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೂ ಧಾರಾವಾಹಿ ನೋಡುತ್ತಾ ಕೂತಿರುತ್ತೇವೆ!

ಬಿಲ್ ಸೊನ್ನೆಯಾದರೂ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆ. ಆ ಹೊಗೆ ಭೂಮಿಯ ಬಿಸಿ ಏರಿಸುತ್ತದೆ. ಒಂದು ಕಾಲಕ್ಕೆ ಫ್ಯಾನೇ ಇಲ್ಲದ ಎಷ್ಟೋ ಮನೆಗಳಿದ್ದ ನಮ್ಮೂರಿನಲ್ಲಿ 2024ರ ಏಪ್ರಿಲ್‌ನಲ್ಲಿ ಬಿಸಿಲು 38 ಡಿಗ್ರಿ ದಾಟಿತು. ಈಗ ಫ್ಯಾನ್ ಬೇಕೇ ಬೇಕು. ಹಳೆಯದು ಕೆಟ್ಟರೆ ಬಿಎಲ್‌ಡಿಸಿ ಫ್ಯಾನ್ ಕೇಳಿ ತನ್ನಿ. 75 ವ್ಯಾಟ್ ಎಳೆಯುವ ಕಡೆ 30ರಲ್ಲಿ ತಿರುಗುತ್ತದೆ.

ಇವತ್ತೇ ಮೀಟರ್ ನೋಡಿ, ಅಂಕಿಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ವಾರ ಬಿಟ್ಟು ಮತ್ತೆ ನೋಡಿ.