ಗಾಲಿಯ ಮೇಲೊಂದು ಹುತುತು

ಮನುಷ್ಯನು ಗಾಲಿಯನ್ನು ಬಳಸತೊಡಗಿ ಐದು ಸಾವಿರ ವರ್ಷಗಳಿಗೂ ಮೇಲಾಯಿತು. ಅದರ ಮೇಲೆ ನಾವು ಧಾನ್ಯವನ್ನು ಹೇರಿದೆವು, ಮದುವೆಯ ದಿಬ್ಬಣವನ್ನು ಕೂರಿಸಿದೆವು, ಜಾತ್ರೆಯ ದಿನ ದೇವರನ್ನೂ ಕುಳ್ಳಿರಿಸಿ ಎಳೆದೆವು. ಆದರೆ ಗಾಲಿಯನ್ನು ನಮ್ಮ ಕಾಲಿಗೇ ಕಟ್ಟಿಕೊಂಡು ಆಡಬಹುದೆಂಬ ವಿಚಾರವು ನಮ್ಮ ಹಳ್ಳಿಗಳಿಗೆ ಇನ್ನೂ ಅಪರಿಚಿತವಾಗಿದೆ. ಪಟ್ಟಣದ ಮಕ್ಕಳು ಗಾಲಿಬೂಟು ತೊಟ್ಟು ಸಾಗುವುದನ್ನು ಕಂಡವರು, "ಅದು ಉಳ್ಳವರ ಆಟ, ಬಿದ್ದರೆ ಕೈಕಾಲು ಮುರಿದೀತು" ಎಂದು ಹೇಳಿ ಸುಮ್ಮನಾಗುತ್ತಾರೆ. ಈ ಮಾತಿನಲ್ಲಿ ಕೊಂಚ ಸತ್ಯವಿದೆ, ಪೂರ್ಣಸತ್ಯವಿಲ್ಲ. ಸಿಂಧನೂರು ತಾಲ್ಲೂಕಿನ ಗೊರೇಬಾಳದಂಥ ಊರುಗಳ ತರುಣರು, ಅವರಲ್ಲಿಯೂ ಮುಖ್ಯವಾಗಿ ತರುಣಿಯರು, ರೋಲರ್ ಡರ್ಬಿ ಎಂಬ ಆಟವನ್ನು ಒಮ್ಮೆ ಕಲಿತು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಮೊದಲು ಬೇಕಾದುದು ಅಸಾಧಾರಣ ಬಲವಲ್ಲ, ಎಳೆಯ ವಯಸ್ಸೂ ಅಲ್ಲ. ಸರಿಯಾಗಿ ಬೀಳುವ ವಿದ್ಯೆ. ಆ ವಿದ್ಯೆಯನ್ನು ಕಲಿಸಬಹುದು, ಕಲಿಯಬಹುದು ಎಂಬುದನ್ನು ವಿಜ್ಞಾನದ ನೆರವಿನಿಂದ ಇಲ್ಲಿ ವಿವರಿಸುತ್ತೇವೆ.

ಹುತುತು ಬಲ್ಲವರಿಗೆ ಈ ಆಟದ ಮರ್ಮವನ್ನು ತಿಳಿಯುವುದು ಕಷ್ಟವಲ್ಲ. ಹುತುತು ಅಥವಾ ಕಬಡ್ಡಿಯಲ್ಲಿ ಒಬ್ಬ ಆಟಗಾರನು ಏಳು ಮಂದಿಯ ಪಾಳೆಯದೊಳಕ್ಕೆ ನುಗ್ಗಿ, ಅವರನ್ನು ಮುಟ್ಟಿ, ಹಿಡಿತಕ್ಕೆ ಸಿಕ್ಕದೆ ಮರಳಬೇಕು. ರೋಲರ್ ಡರ್ಬಿಯಲ್ಲಿ ಮೊಟ್ಟೆಯಾಕಾರದ ಹಾದಿಯ ಮೇಲೆ ಎರಡು ಪಕ್ಷಗಳಿಂದಲೂ ಐದೈದು ಮಂದಿ ಗಾಲಿಬೂಟು ತೊಟ್ಟು ಇಳಿಯುತ್ತಾರೆ. ಪ್ರತಿ ಪಕ್ಷದಲ್ಲಿಯೂ ಒಬ್ಬರ ಶಿರಸ್ತ್ರಾಣದ ಮೇಲೆ ನಕ್ಷತ್ರದ ಗುರುತಿರುತ್ತದೆ. ಅವರು ನುಗ್ಗುವವರು, ಆಟದ ಭಾಷೆಯಲ್ಲಿ ಜ್ಯಾಮರ್. ಉಳಿದ ನಾಲ್ವರು ತಡೆಯುವವರು, ಅಂದರೆ ಬ್ಲಾಕರ್. ನುಗ್ಗುವವರು ಒಮ್ಮೆ ಗುಂಪನ್ನು ದಾಟಿ, ಸುತ್ತು ಹಾಕಿ ಬಂದು, ಎರಡನೆಯ ಬಾರಿಯಿಂದ ಎದುರು ಪಕ್ಷದ ಎಷ್ಟು ಮಂದಿಯನ್ನು ಹಿಂದಿಕ್ಕುತ್ತಾರೋ ಅಷ್ಟು ಅಂಕಗಳನ್ನು ಗಳಿಸುತ್ತಾರೆ. ಒಂದು ಸರದಿಗೆ ಹೆಚ್ಚೆಂದರೆ 2 ನಿಮಿಷ. ಇಡೀ ಆಟಕ್ಕೆ 30 ನಿಮಿಷಗಳ ಎರಡು ಅವಧಿ. ಭುಜ, ಸೊಂಟ, ಮುಂಡಗಳಿಂದ ಒತ್ತಿ ತಡೆಯಬಹುದು. ಕೈಯಿಂದ ನೂಕುವುದು, ಮೊಣಕೈಯಿಂದ ತಿವಿಯುವುದು, ಕಾಲು ಕೊಟ್ಟು ಕೆಡಹುವುದು, ಬೆನ್ನಿಗೆ ಅಥವಾ ತಲೆಗೆ ಹೊಡೆಯುವುದು ತಪ್ಪು. ಅಂಥವರು 30 ಸೆಕೆಂಡು ಹೊರಗೆ ಕುಳಿತಿರಬೇಕು. ಹುತುತುವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಎರಡೂ ಪಕ್ಷಗಳ ದಾಳಿ ಒಮ್ಮೆಗೇ ನಡೆಯುತ್ತದೆ. ಎದುರಾಳಿಯನ್ನು ತಡೆಯುತ್ತಿರುವಾಗಲೇ ತಮ್ಮವರಿಗೆ ದಾರಿಯನ್ನೂ ಬಿಡಿಸಿಕೊಡಬೇಕು.

ಈ ಆಟವು ಹುಟ್ಟಿದುದು ಅಮೆರಿಕದ ಷಿಕಾಗೋ ನಗರದಲ್ಲಿ. ಲಿಯೋ ಸೆಲ್ಟ್ಜರ್ ಎಂಬವರು 1935ರ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಇದನ್ನು ಆರಂಭಿಸಿದರು. ಮೊದಲು ಅದು ಒಬ್ಬ ಗಂಡು, ಒಬ್ಬ ಹೆಣ್ಣು ಕೂಡಿದ ಜೋಡಿಗಳು ಬಹುದೂರ ಸುತ್ತುವ ಸಹನೆಯ ಪಂದ್ಯವಾಗಿತ್ತು. ಡಿಕ್ಕಿಯೂ ತಡೆಯೂ ಆಮೇಲೆ ಸೇರಿದುವು. 1970ರ ದಶಕದಲ್ಲಿ ಆಟವು ಮಂಕಾಯಿತು. 2000ದ ನಂತರ ಟೆಕ್ಸಾಸಿನ ಆಸ್ಟಿನ್ ನಗರದ ಹೆಂಗಸರು ಅದಕ್ಕೆ ಮರುಜೀವ ಕೊಟ್ಟರು. ತಾವೇ ತಂಡ ಕಟ್ಟಿ, ತಾವೇ ನಿಯಮ ಬರೆದು, ತಾವೇ ಲೆಕ್ಕಪತ್ರವನ್ನಿಟ್ಟು ನಡೆಸಿದರು. 2011ರಲ್ಲಿ ಕೆನಡಾದ ಟೊರಾಂಟೋದಲ್ಲಿ ಮೊದಲ ವಿಶ್ವಕಪ್ ಜರುಗಿತು. ಹೆಂಗಸರ ಉತ್ಸಾಹದಿಂದಲೇ ಮರಳಿ ಚಿಗುರಿದ ಇಂಥ ಆಟಗಳು ಅಪರೂಪ. ಅಲ್ಲಿ ಹೊಸದಾಗಿ ಸೇರಿದವರಲ್ಲಿ ಅನೇಕರು ಇಪ್ಪತ್ತು, ಮೂವತ್ತು ದಾಟಿದ ಮೇಲೆ ಮೊದಲ ಬಾರಿಗೆ ಗಾಲಿಬೂಟು ತೊಟ್ಟವರೆಂಬುದನ್ನು ವಾಚಕರು ಗಮನಿಸಬೇಕು. ದೇಹದ ಗಾತ್ರವೂ ಇಲ್ಲಿ ಅಡ್ಡಿಯಲ್ಲ. ತೂಕವುಳ್ಳವರನ್ನು ಕದಲಿಸುವುದು ಕಷ್ಟವಾದುದರಿಂದ ಅವರು ತಡೆಗೋಡೆಯಾಗುತ್ತಾರೆ. ಹಗುರವಾದವರು ಬೇಗ ವೇಗ ಪಡೆದು ಸಂದಿಯಲ್ಲಿ ನುಸುಳುತ್ತಾರೆ. ಇದು ನ್ಯೂಟನ್ನನ ಎರಡನೆಯ ನಿಯಮದ ಪ್ರತ್ಯಕ್ಷ ಪ್ರಯೋಗ.

ಇನ್ನು ಸಾಧನದ ವಿಚಾರ. ಎತ್ತಿನ ಬಂಡಿಯ ಗಾಲಿಯು ಅಚ್ಚಿಗೆ ಉಜ್ಜಿಕೊಂಡೇ ತಿರುಗುತ್ತದೆ. ಆದುದರಿಂದಲೇ ರೈತನು ಅದಕ್ಕೆ ಆಗಾಗ ಎಣ್ಣೆ ಹಚ್ಚುತ್ತಾನೆ. ಗಾಲಿಬೂಟಿನಲ್ಲಿ ಅಚ್ಚಿಗೂ ಗಾಲಿಗೂ ನಡುವೆ ಉಕ್ಕಿನ ಗುಂಡುಗಳಿರುವ ಬೇರಿಂಗುಗಳಿವೆ. ಕಾಲೊಂದಕ್ಕೆ 4 ಗಾಲಿ, ಗಾಲಿಯೊಂದಕ್ಕೆ 2 ಬೇರಿಂಗು, ಬೇರಿಂಗಿಗೆ ಸಾಮಾನ್ಯವಾಗಿ 7 ಗುಂಡು. ಹೀಗೆ ಎರಡು ಕಾಲುಗಳಡಿಯಲ್ಲಿ 112 ಗುಂಡುಗಳು ಉರುಳುತ್ತಿರುತ್ತವೆ. ಉಜ್ಜುವ ಘರ್ಷಣೆಗಿಂತ ಉರುಳುವ ಘರ್ಷಣೆಯು ಬಹಳ ಕಡಿಮೆ. ನಾವು ನಡೆಯುವಾಗ ನೆಲವನ್ನು ಹಿಂದಕ್ಕೆ ಒತ್ತಿ ಮುಂದಕ್ಕೆ ಹೋಗುತ್ತೇವೆ. ಗಾಲಿಬೂಟಿನಲ್ಲಿ ಹಾಗೆ ಒತ್ತಿದರೆ ಕಾಲೇ ಹಿಂದಕ್ಕೆ ಜಾರುತ್ತದೆ, ಆಳು ಮುಗ್ಗರಿಸುತ್ತಾನೆ. ಆದರೆ ಗಾಲಿಯು ಉದ್ದಕ್ಕೆ ಉರುಳುತ್ತದೆಯೇ ಹೊರತು ಅಡ್ಡಕ್ಕೆ ಉರುಳುವುದಿಲ್ಲ. ಆದುದರಿಂದ ಪಾದವನ್ನು ಓರೆಯಾಗಿಸಿ ಪಕ್ಕಕ್ಕೆ ಒತ್ತಬೇಕು. ಹಿಮ್ಮಡಿಗಳನ್ನು ಕೂಡಿಸಿ, ಬೆರಳುಗಳನ್ನು ಹೊರಕ್ಕೆ ತಿರುಗಿಸಿ, ಬಾತುಕೋಳಿಯಂತೆ ಹೆಜ್ಜೆಯಿಟ್ಟರೆ ಮೊದಲ ದಿನವೇ ನಾಲ್ಕು ಮಾರು ಸಾಗಬಹುದು. ಇನ್ನು ತಿರುವಿನ ಸಮಸ್ಯೆ. ಅದನ್ನು ಬಿಡಿಸಿದವನು ಜೇಮ್ಸ್ ಪ್ಲಿಂಪ್ಟನ್. ಮೈಯನ್ನು ಒಂದು ಕಡೆಗೆ ವಾಲಿಸಿದರೆ ರಬ್ಬರಿನ ಮೆತ್ತೆಯು ಒತ್ತಿಕೊಂಡು, ಅಚ್ಚುಗಳು ಓರೆಯಾಗಿ, ಬೂಟು ಅದೇ ಕಡೆಗೆ ತಿರುಗುವ ಏರ್ಪಾಟನ್ನು ಅವನು 1863ರಲ್ಲಿ ರೂಪಿಸಿದನು. ಇಂದಿನ ನಾಲ್ಕು ಗಾಲಿಯ ಬೂಟಿನ ಮೂಲ ಅದೇ.

ಈಗ ಎಲ್ಲರ ಮನಸ್ಸಿನಲ್ಲಿಯೂ ಇರುವ ಭಯದ ವಿಷಯಕ್ಕೆ ಬರೋಣ. ಬೀಳುವುದು ನಿಶ್ಚಯ. ಹೇಗೆ ಬೀಳುತ್ತೇವೆಂಬುದು ಮಾತ್ರ ನಮ್ಮ ಕೈಯಲ್ಲಿದೆ. 50 ಕಿಲೋಗ್ರಾಂ ತೂಕದ ಹುಡುಗಿಯೊಬ್ಬಳು ನೆಟ್ಟಗೆ ನಿಂತಿದ್ದಾಳೆಂದು ಭಾವಿಸಿರಿ. ಅವಳ ಗುರುತ್ವಕೇಂದ್ರವು ಸೊಂಟದ ಬಳಿ, ನೆಲದಿಂದ ಸುಮಾರು 90 ಸೆಂಟಿಮೀಟರು ಎತ್ತರದಲ್ಲಿದೆ ಎನ್ನೋಣ. ಅಲ್ಲಿಂದ ನೆಲಕ್ಕೆ ಬಿದ್ದರೆ ಬಿಡುಗಡೆಯಾಗುವ ಶಕ್ತಿಯು ಸುಮಾರು 440 ಜೂಲ್. ಒಂದು ಕಿಲೋಗ್ರಾಂ ಅಕ್ಕಿಯನ್ನು 10 ಸೆಂಟಿಮೀಟರು ಮೇಲೆತ್ತಲು ಬೇಕಾಗುವ ಶಕ್ತಿಯು ಸುಮಾರು 1 ಜೂಲ್ ಎಂದರೆ ಅಂದಾಜು ಸಿಕ್ಕೀತು. ಅದೇ ಹುಡುಗಿಯು ತೋಲ ತಪ್ಪಿದೊಡನೆ ಮೊಣಕಾಲು ಮಡಿಸಿ ಕುಕ್ಕರಿಸಿ, ಗುರುತ್ವಕೇಂದ್ರವನ್ನು 40 ಸೆಂಟಿಮೀಟರಿಗೆ ಇಳಿಸಿಕೊಂಡು ಬಿದ್ದರೆ ಆ ಶಕ್ತಿಯು ಸುಮಾರು 200 ಜೂಲಿಗೆ ಇಳಿಯುತ್ತದೆ, ಅರ್ಧಕ್ಕಿಂತಲೂ ಕಡಿಮೆ. ಉಳಿದುದನ್ನು ಮಡಿಯುವ ಕಾಲಿನ ಸ್ನಾಯುಗಳು ಮೆಲ್ಲಗೆ ಹೀರಿಕೊಂಡಿರುತ್ತವೆ.

ಎರಡನೆಯ ಸೂತ್ರವು ನಿಲ್ಲುವ ದೂರಕ್ಕೆ ಸಂಬಂಧಿಸಿದುದು. ಅದೇ ವೇಗದ ದೇಹವು ನಿಲ್ಲಲು ಎರಡರಷ್ಟು ದೂರವನ್ನು ತೆಗೆದುಕೊಂಡರೆ ಅದರ ಮೇಲೆ ಬೀಳುವ ಸರಾಸರಿ ಬಲವು ಅರ್ಧವಾಗುತ್ತದೆ. ಮೊಣಕಾಲಿನ ಕವಚದೊಳಗಿನ ಮೆತ್ತೆಯು ಮಾಡುವ ಕೆಲಸ ಇದೇ. ಅದರ ಮೇಲಿನ ಗಟ್ಟಿಯಾದ ಚಿಪ್ಪು ನೆಲದ ಮೇಲೆ ಜಾರಿ ಮುನ್ನುಗ್ಗುವ ವೇಗವನ್ನು ಮೆಲ್ಲಗೆ ಕಳೆಯುತ್ತದೆ. ಇದಕ್ಕೆ ವಿರುದ್ಧವಾಗಿ, ಬೀಳುವವನು ಸಹಜಭಯದಿಂದ ಕೈಯನ್ನು ನೀಟಾಗಿ ಚಾಚಿ ಅಂಗೈಯನ್ನು ಊರಿದರೆ ಇಡೀ ಭಾರವು ಮುಂಗೈಯ ಎಲುಬಿನ ಮೇಲೆ ಬೀಳುತ್ತದೆ. ಮಣಿಕಟ್ಟಿನ ಬಳಿ ಮುರಿಯುವುದು ಹೀಗೆಯೇ. ಆದುದರಿಂದ ಈ ಆಟದಲ್ಲಿ ಮೊದಲ ಪಾಠವೆಂದರೆ ಚಿಕ್ಕದಾಗಿ ಬೀಳುವುದು: ತಗ್ಗು, ಮೊಣಕಾಲಿನ ಕವಚದ ಮೇಲೆ ಇಳಿ, ಕೈಗಳನ್ನು ಮೈಗೆ ಸೇರಿಸಿ ಮುಷ್ಟಿ ಕಟ್ಟು, ಬೇರೆಯವರ ಗಾಲಿಗೆ ಬೆರಳನ್ನೊಡ್ಡದೆ ಕೂಡಲೇ ಏಳು.

ಇಷ್ಟನ್ನೂ ಯೋಚಿಸಿ ಮಾಡಲು ಬೀಳುವವನಿಗೆ ಹೊತ್ತೆಲ್ಲಿದೆ ಎಂದು ಕೇಳಬಹುದು. ಹೊತ್ತಿಲ್ಲವೆಂಬುದು ನಿಜ, ಆದುದರಿಂದಲೇ ಅಭ್ಯಾಸ ಬೇಕು. ಒಳಗಿವಿಯಲ್ಲಿರುವ ಮೂರು ಅರ್ಧವೃತ್ತ ನಾಳಗಳು ತಲೆಯ ತಿರುಗುವಿಕೆಯನ್ನು ಕ್ಷಣಕ್ಷಣಕ್ಕೂ ತಿಳಿಸುತ್ತವೆ. ಕಣ್ಣು, ಕೀಲು, ಸ್ನಾಯುಗಳೂ ತಮ್ಮ ವರದಿಯನ್ನು ಸೇರಿಸುತ್ತವೆ. ಕಿರುಮೆದುಳು ಇವೆಲ್ಲವನ್ನೂ ಕೂಡಿಸಿ ಚಲನೆಯನ್ನು ತಿದ್ದುತ್ತದೆ. ಒಂದೇ ಚಲನೆಯನ್ನು ನೂರಾರು ಬಾರಿ ಮಾಡಿದ ಮೇಲೆ ಅದು ವಿಚಾರವಿಲ್ಲದೆ ತಾನಾಗಿ ನಡೆಯುತ್ತದೆ. ಸೈಕಲ್ ಕಲಿತವರೆಲ್ಲರೂ ಈ ಅನುಭವವನ್ನು ಬಲ್ಲರು. ತಲೆಯ ಮೇಲೆ ಕೊಡವನ್ನಿಟ್ಟು, ಕಂಕುಳಲ್ಲಿ ಇನ್ನೊಂದನ್ನು ಹೊತ್ತು, ಬದುವಿನ ಮೇಲೆ ನಡೆಯಬಲ್ಲ ಹೆಣ್ಣುಮಗಳಿಗೆ ಸಮತೋಲದ ವಿದ್ಯೆ ಬಾರದೆಂದು ಯಾರು ಹೇಳಿಯಾರು?

ಅಪಾಯವೇ ಇಲ್ಲವೆಂದು ಹೇಳುವುದು ಮೋಸವಾದೀತು. ಮೊಣಕಾಲಿನ ಅಸ್ಥಿರಜ್ಜು ಹರಿಯುವುದು, ಹರಡು ಮುರಿಯುವುದು, ತಲೆಗೆ ಪೆಟ್ಟಾಗುವುದು ಈ ಆಟದಲ್ಲಿ ಉಂಟು. ಆದುದರಿಂದ ಶಿರಸ್ತ್ರಾಣ, ಬಾಯಿಯ ಕವಚ, ಮೊಣಕೈ, ಮಣಿಕಟ್ಟು, ಮೊಣಕಾಲುಗಳ ಕವಚಗಳಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಬೀಳುವುದು, ನಿಲ್ಲಿಸುವುದು, ಏಳುವುದು ಇವು ಮೂರೂ ಮೈಗೂಡುವ ತನಕ ಒಬ್ಬರನ್ನೊಬ್ಬರು ಡಿಕ್ಕಿ ಹೊಡೆಯಬಾರದು. ತಲೆಗೆ ಪೆಟ್ಟಾದವರು ವೈದ್ಯರು ಒಪ್ಪುವ ತನಕ ಮತ್ತೆ ಆಡಕೂಡದು. ಈ ಶಿಸ್ತಿಗೆ ಒಪ್ಪದ ಊರಿನಲ್ಲಿ ಆಟವನ್ನು ಆರಂಭಿಸದಿರುವುದೇ ಲೇಸು.

ನೆಲದ ಪ್ರಶ್ನೆಯೊಂದಿದೆ. ಸಿಂಧನೂರು ಸೀಮೆಯ ಎರೆಮಣ್ಣಿನಲ್ಲಿ ಮಳೆಗಾಲದ ಬಂಡಿಯೇ ಹೂತುಹೋಗುವಾಗ ಗಾಲಿಬೂಟು ಉರುಳೀತೆ? ಗಟ್ಟಿಯಾದ, ನುಣುಪಾದ ನೆಲವೇ ಬೇಕು. ಪೂರ್ಣಪ್ರಮಾಣದ ಆಟಕ್ಕೆ ಸುಮಾರು 110 ಅಡಿ ಉದ್ದ, 75 ಅಡಿ ಅಗಲದ ಜಾಗ ಬೇಕಾಗುತ್ತದೆ. ಕಲಿಯುವುದಕ್ಕೆ ಅಷ್ಟು ಬೇಡ. ತುಂಗಭದ್ರೆಯ ಎಡದಂಡೆ ಕಾಲುವೆಯು ಈ ಸೀಮೆಯನ್ನು ಬತ್ತದ ಕಣಜವನ್ನಾಗಿ ಮಾಡಿದೆ. ಅಕ್ಕಿಯ ಗಿರಣಿಗಳು ಇಲ್ಲಿ ಅಪರೂಪವಲ್ಲ. ಗಿರಣಿಯಲ್ಲಾಗಲಿ ಶಾಲೆಯಲ್ಲಾಗಲಿ ಸಿಮೆಂಟಿನ ಅಂಗಳವಿದ್ದರೆ, ಅದು ಬರಿದಾಗಿರುವ ದಿನಗಳಲ್ಲಿ ಗುಡಿಸಿಕೊಂಡು ಬೆಳಗ್ಗೆ ಸಂಜೆ ಅಭ್ಯಾಸ ಮಾಡಬಹುದು. ಗುಡಿಸುವುದನ್ನು ಮರೆಯಬಾರದು; ಸಣ್ಣ ಹರಳೊಂದು ಗಾಲಿಯನ್ನು ತಡೆದು ಆಳನ್ನು ಕೆಡಹಬಲ್ಲುದು. ಖರ್ಚಿನ ವಿಷಯದಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಜೊತೆ ಬೇಕೆಂದಿಲ್ಲ. ಭಜನಾಮೇಳದ ತಾಳ, ಹಾರ್ಮೋನಿಯಂಗಳು ಊರಿನ ಸೊತ್ತಾಗಿರುವಂತೆ ಹತ್ತು ಜೊತೆ ಬೂಟು, ಕವಚಗಳು ಶಾಲೆಯ ಸೊತ್ತಾಗಿರಲಿ.

ಹಳ್ಳಿಯಲ್ಲಿ ಇದು ನಡೆಯದೆಂಬವರಿಗೆ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯೇ ಉತ್ತರ. ಅಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬ ಮಹಿಳೆಯು 2015ರಲ್ಲಿ ಗಾಲಿಹಲಗೆಯ ಆಟಕ್ಕಾಗಿ ಸಿಮೆಂಟಿನ ಅಂಗಳವೊಂದನ್ನು ಕಟ್ಟಿಸಿದರು. ನಿಯಮಗಳು ಎರಡೇ: ಶಾಲೆ ತಪ್ಪಿಸಿದವರಿಗೆ ಆಟವಿಲ್ಲ, ಹುಡುಗಿಯರಿಗೆ ಮೊದಲ ಅವಕಾಶ. ಆ ಹಳ್ಳಿಯ ಆಶಾ ಗೋಂಡ್ ಎಂಬ ಆದಿವಾಸಿ ಹುಡುಗಿಯು 2018ರಲ್ಲಿ ಚೀನದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಭಾರತದ ಪರವಾಗಿ ಆಡಿದಳು. ನಮ್ಮ ಬೆಂಗಳೂರಿನಲ್ಲಿಯೂ ಅತಿತಾ ವರ್ಗೀಸ್ ಎಂಬವರು ಅದೇ ಆಟವನ್ನು ಹುಡುಗಿಯರಿಗೆ ಕಲಿಸುವ ಕಾರ್ಯವನ್ನು ಕೈಗೊಂಡರು. ಗಾಲಿಬೂಟಿನಲ್ಲಿಯೂ ನಮ್ಮವರು ಹಿಂದೆ ಬಿದ್ದಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರು ರಿಲೇಯಲ್ಲಿ ಭಾರತದ ಹೆಂಗಸರ ತಂಡವೂ ಗಂಡಸರ ತಂಡವೂ ಕಂಚಿನ ಪದಕಗಳನ್ನು ಗೆದ್ದುವು. 2025ರಲ್ಲಿ ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ 1000 ಮೀಟರು ಓಟದಲ್ಲಿ ವಿಶ್ವವಿಜೇತನಾದನು. ರೋಲರ್ ಡರ್ಬಿಯೂ ಈಗ ನಮ್ಮ ರಾಷ್ಟ್ರೀಯ ಸ್ಪರ್ಧೆಗಳ ಒಂದು ವಿಭಾಗವಾಗಿದೆ.

ಪದಕಗಳಿಗಿಂತಲೂ ಮುಖ್ಯವಾದ ವಿಚಾರವೊಂದುಂಟು. ನಮ್ಮ ಹಳ್ಳಿಗಳಲ್ಲಿ ಹುಡುಗಿಯು ಏಳನೆಯ ತರಗತಿಯ ತನಕ ಕುಂಟಬಿಲ್ಲೆ, ಖೋಖೋ ಆಡುತ್ತಾಳೆ. ದೊಡ್ಡವಳಾದೊಡನೆ ಬಯಲು ಅವಳಿಗೆ ಮುಚ್ಚಿಹೋಗುತ್ತದೆ. ಅಣ್ಣತಮ್ಮಂದಿರು ಮಾತ್ರ ಹುತುತು, ಕ್ರಿಕೆಟ್ಟುಗಳನ್ನು ಮುಂದುವರಿಸುತ್ತಾರೆ. ಓಡಿ, ಬಿದ್ದು, ಭುಜಕ್ಕೆ ಭುಜ ಕೊಟ್ಟು ನಿಲ್ಲುವ ಅನುಭವವು ಅವಳಿಗೆ ಆ ವಯಸ್ಸಿನಲ್ಲಿಯೇ ತಪ್ಪಿಹೋಗುತ್ತದೆ. ಎಲುಬು ಗಟ್ಟಿಯಾಗುವ, ದೇಹಕ್ಕೆ ವ್ಯಾಯಾಮವು ಅತ್ಯಗತ್ಯವಾದ ವಯಸ್ಸೂ ಅದೇ. ಹೆಂಗಸರೇ ನಡೆಸುವ, ಹೊಸಬರನ್ನು ವಯಸ್ಸು, ಗಾತ್ರ ನೋಡದೆ ಸೇರಿಸಿಕೊಳ್ಳುವ ಆಟವೊಂದು ಅವಳಿಗೆ ಆ ಬಯಲನ್ನು ಮತ್ತೆ ತೆರೆಯಬಲ್ಲುದು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಈ ಭಾಗದ ಶಾಲೆಗಳಿಗೆ ಕೊಠಡಿಗಳನ್ನು ಕಟ್ಟಿಸುವಾಗ, ಮಗ್ಗುಲಲ್ಲಿ ನುಣುಪಾದ ಸಿಮೆಂಟಿನ ಅಂಗಳವೊಂದನ್ನು ಸೇರಿಸಿದರೆ ದೊಡ್ಡ ಹೊರೆಯೇನೂ ಆಗದು. ಮಳೆಯಿಲ್ಲದ ದಿನಗಳಲ್ಲಿ ಅದರ ಮೇಲೆ ಪ್ರಾರ್ಥನೆಯೂ ನಡೆಯಲಿ, ಆಟವೂ ನಡೆಯಲಿ. ದೈಹಿಕಶಿಕ್ಷಕರು ಬೆಂಗಳೂರು, ಮೈಸೂರು, ಬೆಳಗಾವಿಗಳ ಸ್ಕೇಟಿಂಗ್ ಶಿಕ್ಷಕರಿಂದ ಬೀಳುವ, ನಿಲ್ಲುವ ಪಾಠಗಳನ್ನು ಕಲಿತುಬರಲಿ. ತಂದೆತಾಯಿಗಳು ಮೊದಲ ವಾರ ಅಂಗಳದ ಅಂಚಿನಲ್ಲಿ ನಿಂತು ನೋಡಲಿ. ಹೊಸದಾಗಿ ಕಲಿಯುವವರು ಮೊದಲ ದಿನ ಹುಲ್ಲಿನ ಮೇಲೆ ಬೂಟು ಕಟ್ಟಿಕೊಂಡು ಸುಮ್ಮನೆ ನಿಲ್ಲಲಿ. ಅಲ್ಲಿ ಗಾಲಿ ಉರುಳುವುದಿಲ್ಲ. ಎರಡನೆಯ ದಿನ ಸಿಮೆಂಟಿನ ಮೇಲೆ ಗೆಳತಿಯ ಕೈಹಿಡಿದು ಮೊಣಕಾಲು ಬಾಗಿಸಲಿ. ಮೂರನೆಯ ದಿನ ಬೇಕೆಂದೇ ಹತ್ತು ಸಲ ಬಿದ್ದು ಏಳಲಿ. ಅಲ್ಲಿಂದ ಮುಂದಿನ ದಾರಿಯನ್ನು ಅವರೇ ಕಂಡುಕೊಳ್ಳುವರೆಂಬ ನಂಬಿಕೆ ನಮಗಿದೆ.