ಕಣ್ಣಾರೆ ಕಂಡದ್ದೆಲ್ಲ ನಿಜವೇ?

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಎಂಬುದು ನಮ್ಮ ಹಿರಿಯರ ಮಾತು. ಅವರ ಕಾಲದಲ್ಲಿ ದೂರದರ್ಶನವಿರಲಿಲ್ಲ. ಆದರೂ ಈ ಮಾತನ್ನು ಇಂದಿನ ದೂರದರ್ಶನಕ್ಕೆಂದೇ ಹೇಳಿದಂತಿದೆ. 'ಬಿಗ್ ಬಾಸ್' ನಡೆಯುವ ತಿಂಗಳುಗಳಲ್ಲಿ ನಮ್ಮ ಗಟ್ಟಿನಲ್ಲಿ ಒಂದು ಮನೆಯಿಂದ ಕನ್ನಡದ ಜಗಳ ಕೇಳಿಸಿದರೆ, ಪಕ್ಕದ ಮನೆಯಿಂದ ತೆಲುಗಿನ ಜಗಳ ಕೇಳಿಸುತ್ತದೆ. ಮರುದಿನ ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲೇ ಅದರದೇ ಚರ್ಚೆ. "ಅದೆಲ್ಲ ನಿಜವಾಗಿ ನಡೆದದ್ದು" ಎನ್ನುವವರು ಕೆಲವರು. "ಎಲ್ಲವೂ ಮೊದಲೇ ಬರೆದುಕೊಟ್ಟ ನಾಟಕ" ಎನ್ನುವವರು ಕೆಲವರು. ಇವರಲ್ಲಿ ಯಾರು ಸರಿ?

ಈ ಪ್ರಶ್ನೆ ನಮ್ಮ ಪಾಲಿಗೆ ಬರಿಯ ಹರಟೆಯಾಗಿ ಉಳಿಯಲಿಲ್ಲ. ಕಳೆದ ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ತರಗತಿಯಲ್ಲಿಯೂ ಅದೇ ಆಟ ಆರಂಭವಾಯಿತು. ಒಬ್ಬರು ಕ್ಯಾಪ್ಟನ್, ಉಳಿದವರು ಸ್ಪರ್ಧಿಗಳು. ಶನಿವಾರ ಬಂತೆಂದರೆ ಒಬ್ಬರನ್ನು ಆರಿಸಿ, ಕಾರಣ ಹೇಳಿ, 'ಹೊರಗೆ' ಹಾಕಬೇಕು. ಮೂರು ವಾರ ನಗುನಗುತ್ತ ನಡೆಯಿತು. ನಾಲ್ಕನೆಯ ವಾರ ಒಬ್ಬ ಸಹಪಾಠಿಯ ಮೇಲೆ ಹನ್ನೊಂದು ಮಂದಿ ಒಬ್ಬರಾದ ಮೇಲೊಬ್ಬರು ಎದ್ದು ನಿಂತು ದೋಷ ಹೇಳಿದರು. ಆಕೆ ಅಳಲಿಲ್ಲ. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದಳು. ಐದು ದಿನ ಶಾಲೆಗೆ ಬರಲಿಲ್ಲ. ಆ ಹನ್ನೊಂದು ಮಂದಿಯಲ್ಲಿ ನಾವೂ ಇದ್ದೆವು. ನಾವು ಯಾವುದನ್ನು ಅನುಕರಿಸಿದೆವು, ಅದು ಎಷ್ಟರಮಟ್ಟಿಗೆ ನಿಜ ಎಂದು ವಿಚಾರ ಮಾಡಬೇಕೆನಿಸಿದ್ದು ಅಂದಿನಿಂದ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ದಿನಕ್ಕೆ 24 ಗಂಟೆ, ಅಂದರೆ 1,440 ನಿಮಿಷ. ಆ ಮನೆಯಲ್ಲಿ ಹಗಲಿರುಳೂ ಕ್ಯಾಮೆರಾಗಳು ಕಣ್ಣು ತೆರೆದುಕೊಂಡೇ ಇರುತ್ತವೆ. ನಮಗೆ ತೋರಿಸುವುದು ಜಾಹೀರಾತುಗಳೂ ಸೇರಿ ಒಂದೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಅಂದರೆ 90 ನಿಮಿಷ. ಇದು ದಿನದ ಹದಿನಾರನೆಯ ಒಂದು ಪಾಲು. ಉಳಿದ 1,350 ನಿಮಿಷ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ಸ್ಪರ್ಧಿ ಬೆಳಗಿನಿಂದ ಅಡುಗೆ ಮಾಡಿ, ಹತ್ತು ಮಂದಿಗೆ ಬಡಿಸಿ, ಸಂಜೆ ಒಮ್ಮೆ ಸಿಡುಕಿದರೆ, ಆ ಸಿಡುಕನ್ನು ಮಾತ್ರ ಆರಿಸಿ ತೆಗೆದು, ಹಿನ್ನೆಲೆಗೆ ಭಯಂಕರ ಸಂಗೀತ ಜೋಡಿಸಿದರೆ ಸಾಕು, ಆತ ಮಹಾಕೋಪಿಷ್ಠನಾಗಿ ಕಾಣುತ್ತಾನೆ. ಸಿಡುಕಿದ್ದು ಸುಳ್ಳಲ್ಲ, ಆದರೆ ಮೂಡಿಬಂದ ಚಿತ್ರ ನಿಜವೂ ಅಲ್ಲ. ಜೋಳದ ರಾಶಿಯಲ್ಲಿ ಕಲ್ಲುಗಳನ್ನಷ್ಟೇ ಹೆಕ್ಕಿ ಮೊರದಲ್ಲಿಟ್ಟು ತೋರಿಸಿದರೆ ಪೇಟೆಯವರು ಆ ರಾಶಿಯ ಬಗ್ಗೆ ಏನೆಂದುಕೊಂಡಾರು?

ಎರಡನೆಯ ಸಂಗತಿ ನಮ್ಮಂಥ ಗಡಿಯವರಿಗೆ ಬೇಗ ಹೊಳೆಯುವಂಥದು. ಒಂದು ಕಡೆ ಗದ್ವಾಲ, ಇನ್ನೊಂದು ಕಡೆ ರಾಯಚೂರು. ನಮಗೆ ಎರಡು ಭಾಷೆಯೂ ಬಲ್ಲವು. ಆದ್ದರಿಂದ ಎರಡು ಮನೆಗಳನ್ನೂ ಹೋಲಿಸಿ ನೋಡಬಲ್ಲೆವು. ಅಲ್ಲಿಯೂ ಕ್ಯಾಪ್ಟನ್, ಇಲ್ಲಿಯೂ ಕ್ಯಾಪ್ಟನ್. ಅಲ್ಲಿಯೂ ವಾರಕ್ಕೊಮ್ಮೆ ನಾಮಿನೇಷನ್, ಇಲ್ಲಿಯೂ ಹಾಗೆಯೇ. ವಾರದ ಕೊನೆಗೆ ಒಬ್ಬ ಚಿತ್ರನಟರು ಬಂದು ಬುದ್ಧಿ ಹೇಳುವುದು ಎರಡರಲ್ಲಿಯೂ ಉಂಟು. ಇದು ಆಕಸ್ಮಿಕವೇ? ಅಲ್ಲ. ಈ ಆಟದ ಮೂಲ 1999ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಆರಂಭವಾದ 'ಬಿಗ್ ಬ್ರದರ್' ಎಂಬ ಕಾರ್ಯಕ್ರಮ. ಅದೇ ಅಚ್ಚು 2006ರಲ್ಲಿ ಹಿಂದಿಗೆ, 2013ರಲ್ಲಿ ಕನ್ನಡಕ್ಕೆ, 2017ರಲ್ಲಿ ತೆಲುಗಿಗೆ ಬಂತು. ಇಟ್ಟಿಗೆಯ ಅಚ್ಚು ಒಂದೇ ಆದರೆ ಮಣ್ಣು ಯಾವ ಊರಿನದಾದರೂ ಇಟ್ಟಿಗೆಯ ಆಕಾರ ಒಂದೇ. ಪ್ರತಿಯೊಂದು ಮಾತನ್ನೂ ಬರೆದುಕೊಡಬೇಕಾದ ಅಗತ್ಯವೇ ಇಲ್ಲ. ಅಪರಿಚಿತರನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಫೋನು ಪತ್ರಿಕೆಗಳನ್ನು ದೂರವಿಟ್ಟು, ಗೆದ್ದವರಿಗೆ ದೊಡ್ಡ ಮೊತ್ತದ ಬಹುಮಾನವೆಂದು ಹೇಳಿ, ಒಬ್ಬರನ್ನೊಬ್ಬರು ದೂರಿಕೊಳ್ಳಲೇಬೇಕೆಂಬ ನಿಯಮ ಮಾಡಿದರೆ ಜಗಳ ತಾನಾಗಿಯೇ ಹುಟ್ಟುತ್ತದೆ. ನಮ್ಮ ತರಗತಿಯಲ್ಲಿ ಹುಟ್ಟಿದ್ದೂ ಹೀಗೆಯೇ. ನಮಗೂ ಯಾರೂ ಮಾತು ಬರೆದುಕೊಟ್ಟಿರಲಿಲ್ಲ.

ಹೊರಗಿನ ಸಂಪರ್ಕವೇ ಇಲ್ಲವೆಂದು ಹೇಳುವ ಆ ಮನೆಗೂ ಹೊರಗಿನ ಜಗತ್ತು ಒಮ್ಮೆ ನುಗ್ಗಿತು. 2025ರ ಅಕ್ಟೋಬರಿನಲ್ಲಿ, ಕನ್ನಡ ಬಿಗ್ ಬಾಸಿನ ಮನೆಯಿದ್ದ ಬಿಡದಿಯ ಸ್ಟುಡಿಯೋ ಆವರಣಕ್ಕೆ, ಬೇಕಾದ ಒಪ್ಪಿಗೆಗಳಿಲ್ಲವೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದ ಮೇರೆಗೆ ಬೀಗ ಬಿತ್ತು. ಸ್ಪರ್ಧಿಗಳನ್ನು ರಾತ್ರೋರಾತ್ರಿ ರೆಸಾರ್ಟಿಗೆ ಕರೆದೊಯ್ದರು. ಬಳಿಕ ಬೀಗ ತೆಗೆದಾಗ ಆಟ ಮುಂದುವರಿಯಿತು. ನಾವು 'ಮನೆ' ಎಂದುಕೊಂಡದ್ದು ಮನೆಯಲ್ಲ, ಒಂದು ಕಾರ್ಖಾನೆ ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಹಾಗಾದರೆ ಇದೆಲ್ಲ ಮೋಸವೆನ್ನೋಣವೇ? ಮೋಸ ಎಂದರೇನೆಂದು ಒಂದು ಹಳೆಯ ಪ್ರಸಂಗದಿಂದ ತಿಳಿಯಬಹುದು. ಅಮೆರಿಕದಲ್ಲಿ 1956ರಲ್ಲಿ 'ಟ್ವೆಂಟಿ ಒನ್' ಎಂಬ ರಸಪ್ರಶ್ನೆ ಕಾರ್ಯಕ್ರಮ ಬಹು ಜನಪ್ರಿಯವಾಗಿತ್ತು. ಚಾರ್ಲ್ಸ್ ವಾನ್ ಡೋರೆನ್ ಎಂಬ ಕಾಲೇಜು ಉಪನ್ಯಾಸಕರು ಹರ್ಬರ್ಟ್ ಸ್ಟೆಂಪೆಲ್ ಎಂಬವರನ್ನು ಸೋಲಿಸಿ ದೇಶದ ಕಣ್ಮಣಿಯಾದರು. ಗೊತ್ತಿದ್ದ ಉತ್ತರವನ್ನೂ ತಪ್ಪಾಗಿ ಹೇಳುವಂತೆ ತಮಗೆ ಸೂಚಿಸಲಾಗಿತ್ತೆಂದು ಸೋತವರು ಬಯಲು ಮಾಡಿದರು. ಉತ್ತರಗಳು ತಮಗೆ ಮೊದಲೇ ದೊರೆಯುತ್ತಿದ್ದವೆಂದು ಗೆದ್ದವರು 1959ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡರು. 1960ರಲ್ಲಿ ಅಲ್ಲಿ ಇಂಥ ಕೃತ್ಯವನ್ನು ಅಪರಾಧವೆಂದು ಕಾಯಿದೆ ಮಾಡಿದರು. ಪರೀಕ್ಷೆಯೆಂದು ಹೇಳಿ ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟಂತೆ ಇದು. ಮೋಸವೆಂಬುದರಲ್ಲಿ ಎರಡು ಮಾತಿಲ್ಲ. ಬಿಗ್ ಬಾಸಿನಲ್ಲಿ ಹೀಗೆ ನಡೆದಿದೆಯೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಆಧಾರವಿಲ್ಲದೆ ದೂರುವುದು ತಪ್ಪು. ನಮ್ಮ ಆಕ್ಷೇಪ ಬೇರೆ.

ಆಟವನ್ನು ಕಟ್ಟುವುದು ತಪ್ಪಲ್ಲ. ನಮ್ಮ ಸೀಮೆಯ ಬಯಲಾಟವನ್ನೇ ನೋಡಿರಿ. ದುರ್ಯೋಧನನ ಕಿರೀಟ ಹೊತ್ತವನು ನಮ್ಮ ಓಣಿಯ ರೈತನೆಂದು ಮಗುವಿಗೂ ಗೊತ್ತು. ಆದರೂ ಅವನು ಬಿದ್ದಾಗ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬೆಳಗಾಗಿ ಬಣ್ಣ ಅಳಿಸಿದ ಮೇಲೆ ಅದೇ ಮುದುಕಿಯರು ಅವನನ್ನು ಕರೆದು ಚಹಾ ಕೊಡುತ್ತಾರೆ. ಅವನನ್ನು ದುಷ್ಟನೆಂದು ಯಾರೂ ದ್ವೇಷಿಸುವುದಿಲ್ಲ. ಬಯಲಾಟ ತಾನು ಆಟವೆಂದು ಹೇಳಿಕೊಂಡೇ ಸತ್ಯವನ್ನು ಮುಟ್ಟಿಸುತ್ತದೆ. ರಿಯಾಲಿಟಿ ಷೋ ಹಾಗಲ್ಲ; ಆಡಿಸಿದ್ದನ್ನು 'ಇದೇ ಬದುಕು' ಎಂದು ಕರೆಯುತ್ತದೆ. ಅಲ್ಲಿ ಬಣ್ಣ ಅಳಿಸುವ ಬೆಳಗು ಬರುವುದೇ ಇಲ್ಲ. ನೋಡಿದವರು ಆ ದ್ವೇಷವನ್ನು ಹೊರಗೂ ಹೊತ್ತು ತಿರುಗುತ್ತಾರೆ. 2023ರ ಡಿಸೆಂಬರಿನಲ್ಲಿ ತೆಲುಗು ಬಿಗ್ ಬಾಸಿನ ಫಲಿತಾಂಶದ ರಾತ್ರಿ ಹೈದರಾಬಾದಿನ ಬೀದಿಯಲ್ಲಿ ಅಭಿಮಾನಿಗಳ ಗಲಾಟೆಯಾಗಿ, ನಮ್ಮ ತೆಲಂಗಾಣದ ಆರ್.ಟಿ.ಸಿ. ಬಸ್ಸುಗಳ ಗಾಜುಗಳು ಪುಡಿಯಾದವು. ಅವು ನಿಜವಾದ ಗಾಜುಗಳು.

ಆಡಿದವರ ಗತಿಯನ್ನೂ ಮರೆಯುವಂತಿಲ್ಲ. ಕೆಲವು ವರ್ಷಗಳ ಹಿಂದೆ 'ಹಳ್ಳಿ ಹೈದ ಪ್ಯಾಟೆಗ್ ಬಂದ' ಎಂಬ ಕನ್ನಡ ಕಾರ್ಯಕ್ರಮದಲ್ಲಿ ಹೆಗ್ಗಡದೇವನಕೋಟೆಯ ಕಾಡಿನ ಹಾಡಿಯಿಂದ ಬಂದ ರಾಜೇಶ್ ಎಂಬ ಯುವಕ ಗೆದ್ದ. ಸಿನಿಮಾದಲ್ಲಿಯೂ ನಟಿಸಿದ. 2013ರಲ್ಲಿ ಮೈಸೂರಿನಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ. ಅದಕ್ಕೆ ಇದೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಅವನು ಪೇಟೆಯಲ್ಲಿ ತಡವರಿಸಿದ್ದನ್ನು ಕಂಡು ನಾಡೆಲ್ಲ ನಕ್ಕದ್ದು ನಿಜ. ಆ ನಗು ಮುಗಿದ ಮೇಲೆ ಅವನ ಸುಖದುಃಖವನ್ನು ಎಷ್ಟು ಮಂದಿ ಕೇಳಿದರು?

ಪೋಷಕರಲ್ಲಿ ನಮ್ಮದೊಂದು ವಿನಂತಿ. 2019ರಲ್ಲಿ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು, ಮಕ್ಕಳ ನೃತ್ಯದ ರಿಯಾಲಿಟಿ ಷೋಗಳಲ್ಲಿ ಅವರ ವಯಸ್ಸಿಗೆ ತಕ್ಕದಲ್ಲದ್ದನ್ನು ತೋರಿಸಬೇಡಿರೆಂದು ವಾಹಿನಿಗಳಿಗೆ ಸೂಚಿಸಿತ್ತು. ಆದರೆ ಸರ್ಕಾರ ನಮ್ಮ ಜಗಲಿಯ ಮೇಲೆ ಬಂದು ಕೂರಲಾರದು. ನೋಡಬೇಡಿರೆಂದು ಪೆಟ್ಟಿಗೆ ಆರಿಸಿದರೆ ನಾವು ಫೋನಿನಲ್ಲಿ ನೋಡುತ್ತೇವೆ. ಇದನ್ನು ನಾವೇ ಒಪ್ಪಿಕೊಳ್ಳುತ್ತೇವೆ. ಅದಕ್ಕಿಂತ ನಮ್ಮ ಜೊತೆಗೆ ಕುಳಿತು ನೋಡಿರಿ. "ಈ ಮಾತಿಗೆ ಮೊದಲು ಏನು ನಡೆದಿರಬಹುದು? ಇದನ್ನೇ ಏಕೆ ತೋರಿಸಿದರು? ಇದರಿಂದ ಯಾರಿಗೆ ಲಾಭ?" ಎಂದು ಕೇಳಿರಿ. ಈ ಮೂರು ಪ್ರಶ್ನೆಗಳು ಸುದ್ದಿಗೂ ಸಲ್ಲುತ್ತವೆ, ಚುನಾವಣೆಯ ಭಾಷಣಕ್ಕೂ ಸಲ್ಲುತ್ತವೆ.

ನಾವು ಹನ್ನೊಂದು ಮಂದಿಯೂ ಆರನೆಯ ದಿನ ಆ ಸಹಪಾಠಿಯ ಮನೆಗೆ ಹೋದೆವು. ಬಾಗಿಲಲ್ಲಿ ನಿಂತ ಆಕೆಯ ತಾಯಿಗೆ "ಅದು ಆಟವಾಗಿತ್ತಮ್ಮ" ಎಂದೆವು. "ನಿಮಗೆ ಆಟ" ಎಂದರು ಅವರು. ನಮಗೆ ಮುಂದೆ ಮಾತು ಹೊರಡಲಿಲ್ಲ. ಆಕೆ ಮರುದಿನ ಶಾಲೆಗೆ ಬಂದಳು. ಈಗ ಮಧ್ಯಾಹ್ನ ನಾವು ಆಕೆಯೊಡನೆ ಒಂದೇ ಕಡೆ ಕುಳಿತು ಉಣ್ಣುತ್ತೇವೆ. ಕಿರಿಯ ತರಗತಿಯ ಗೆಳೆಯರೇ, ಬಿಗ್ ಬಾಸ್ ನೋಡಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ಅಲ್ಲಿ ಕಂಡದ್ದನ್ನು ಪರಾಂಬರಿಸಿ ನೋಡಿರಿ. ಪಕ್ಕದಲ್ಲಿ ಕುಳಿತ ಗೆಳೆಯರನ್ನು ಎಂದಿಗೂ 'ಹೊರಗೆ' ಹಾಕಬೇಡಿರಿ.