ಮುಳ್ಳಿನ ಧರ್ಮ

ಜೇನುನೊಣದ ತೂಕ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು. ಕರಾವಳಿಯ ಜನರು ತೊರಕೆ ಎಂದು ಕರೆಯುವ ಕಡಲ ಮೀನಿನ ಕೆಲವು ಪ್ರಭೇದಗಳು 2 ಮೀಟರಿಗೂ ಹೆಚ್ಚು ಅಗಲ ಬೆಳೆಯುತ್ತವೆ. ಒಂದು ಹೂವಿನಿಂದ ಹೂವಿಗೆ ಹಾರುವುದು, ಇನ್ನೊಂದು ಮರಳು ಹೊದ್ದು ಮಲಗುವುದು. ಆದರೂ ಇವೆರಡಕ್ಕೂ ಒಂದು ಸಾಮ್ಯವುಂಟು. ಎರಡಕ್ಕೂ ವಿಷದ ಮುಳ್ಳಿದೆ. ಆ ಮುಳ್ಳಿಗೆ ಗರಗಸದಂತಹ ಹಿಮ್ಮೊನೆಗಳಿವೆ.

ಈ ಮುಳ್ಳು ಏತಕ್ಕೆ? ಜೇನು ಮಕರಂದವನ್ನು ಮುಳ್ಳಿನಿಂದ ಗಳಿಸುವುದಿಲ್ಲ. ತೊರಕೆಯು ಏಡಿ, ಚಿಪ್ಪುಜೀವಿಗಳನ್ನು ದವಡೆಯಿಂದಲೇ ಅರೆದು ತಿನ್ನುತ್ತದೆ. ಮುಳ್ಳಿರುವುದು ರಕ್ಷಣೆಗೆ ಮಾತ್ರ. ಗೂಡಿಗೆ ಕೇಡು ಬಂದಾಗ ಜೇನು ಕುಟುಕುತ್ತದೆ. ಮನುಷ್ಯನ ಚರ್ಮದಲ್ಲಿ ಸಿಕ್ಕಿಕೊಂಡ ಮುಳ್ಳು ಅದರ ಒಡಲಿನಿಂದ ಕಿತ್ತುಬಂದು, ಅದೇ ಸಾಯುತ್ತದೆ. ತೊರಕೆ ತನ್ನನ್ನು ತುಳಿದಾಗ, ಇಲ್ಲವೇ ದಾರಿಗಾಣದಾದಾಗ ಬಾಲ ಬೀಸುತ್ತದೆ. ಮುರಿದ ಮುಳ್ಳು ಅದಕ್ಕೆ ಮತ್ತೆ ಬೆಳೆಯುತ್ತದೆ.

2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯದ ವನ್ಯಜೀವಿ ಪ್ರೇಮಿ ಸ್ಟೀವ್ ಇರ್ವಿನ್ ಚಿತ್ರೀಕರಣದ ವೇಳೆ ತೊರಕೆಯ ಮುಳ್ಳು ಎದೆಗೆ ನಾಟಿ ಅಸುನೀಗಿದರು. ಮುಂದಿನ ದಿನಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಕಡಲತೀರಗಳಲ್ಲಿ ಬಾಲ ಕತ್ತರಿಸಲ್ಪಟ್ಟ ತೊರಕೆಗಳು ಸತ್ತು ಬಿದ್ದಿದ್ದವು. ಅಭಿಮಾನಿಗಳು ಸೇಡು ತೀರಿಸಿಕೊಂಡರೆಂಬ ಶಂಕೆ ಎದ್ದಿತು. ಮೊಸಳೆ, ಹಾವುಗಳನ್ನೂ ಪ್ರೀತಿಸಿರೆಂದು ಜೀವಮಾನವಿಡೀ ಸಾರಿದವರ ಹೆಸರಿನಲ್ಲಿ ಮೂಕಜೀವಿಗಳ ಹತ್ಯೆ! ಇದು ಅಭಿಮಾನವೇ?

ವಿಷಕ್ಕೆ ಅಂಜುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಜೇನಿನ ಒಂದೇ ಕುಟುಕು ಕೆಲವರ ಜೀವಕ್ಕೆ ಎರವಾಗುತ್ತದೆ. ಆದರೆ ಎಚ್ಚರ ಬೇರೆ, ಹಗೆ ಬೇರೆ. ಎಚ್ಚರವುಳ್ಳವನು ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡದೆ ಮರಳನ್ನು ಸವರುತ್ತ ನಡೆಯುತ್ತಾನೆ. ಆ ಕದಲಿಕೆಯನ್ನರಿತ ತೊರಕೆ ತಾನೇ ಸರಿದುಹೋಗುತ್ತದೆ. ಮನೆಯ ಸೂರಿನಲ್ಲಿ ಜೇನು ಕಟ್ಟಿದರೆ ಬಲ್ಲವರನ್ನು ಕರೆಸುತ್ತಾನೆ. ಹಗೆಯುಳ್ಳವನು ಗೂಡಿಗೆ ಬೆಂಕಿಯಿಡುತ್ತಾನೆ. ಒಂದು ನೊಣ ಕುಟುಕಿದ್ದಕ್ಕೆ ಸಾವಿರಾರು ನೊಣಗಳು ಸುಡಬೇಕೆ?

ಕಿರಿದಾದ ಜೇನು, ಹಿರಿದಾದ ತೊರಕೆ ಎರಡೂ ತಮ್ಮ ಮುಳ್ಳಿನ ಮಿತಿಯನ್ನು ಮೀರಲಾರವು. ನೋವು ಕಳೆದ ಮೇಲೂ ಕೊಲ್ಲಲು ಹೊರಡುವವನು ಮನುಷ್ಯನೊಬ್ಬನೇ. ಅವನ ನಾಲಗೆಯಾದರೋ ಯಾರೂ ತುಳಿಯದಿದ್ದರೂ ಕುಟುಕುತ್ತದೆ. ಹೀಗಿರುವಾಗ ವಿಷಜಂತು ಎಂಬ ಹೆಸರನ್ನು ಅನ್ಯಜೀವಿಗೆ ಇಡುವ ಮುನ್ನ ಮನುಷ್ಯನು ತನ್ನೊಳಗಿನ ಮುಳ್ಳನ್ನು ಒಮ್ಮೆ ತಡವಿ ನೋಡಿಕೊಳ್ಳುವುದು ಲೇಸು.